ಯಜಮಾನರಿಗೆ ಹೆಂಡತಿಯೇ ಇಲ್ಲ

"ಇವತ್ತೊಂದಿನ ಕಥೆ ಕೇಳ್ಬೇಡಿ, ನನ್ನ ಬಿಟ್ಟುಬಿಡಿ, ನಿಮ್ಮ ದಮ್ಮಯ್ಯ," ಎಂದು ಹೊಸಬ ಎರಡೂ ಕೈ ಜೋಡಿಸಿದ. ಜೋಡಿಸಿದ ಚೆಂದಕ್ಕೇ ಅರ್ಧ ಜನ ನಕ್ಕರು.

ಭಾವನ ಮನೆಯ ಹಾಲಿನಲ್ಲಿ ಕೂರಲು ಜಾಗವಿರಲಿಲ್ಲ. ಹೊಸಬ ಬಂದಿದ್ದಾನೆಂಬ ಸುದ್ದಿ ತಿಳಿದು ಎದುರು ಮನೆಯ ಗಂಡಹೆಂಡಿರು, ಮೇಲಿನ ಮಹಡಿಯ ನಿವೃತ್ತ ಮೇಷ್ಟ್ರು ಎಲ್ಲ ಚಪ್ಪಲಿ ಬಿಟ್ಟು ಒಳಗೆ ಬಂದಿದ್ದರು. ಹೊಸಬ ಎಂಬುದು ಈ ಭಾವ, ಅಂದರೆ ಹೆಂಡತಿಯ ಅಣ್ಣ, ಇಟ್ಟ ಹೆಸರು. ಕಿವಿಯ ಮೇಲಿನ ಕೂದಲು ಬೆಳ್ಳಗಾದರೂ, ಯಾವ ಅಂಗಡಿಯಲ್ಲಿ ನೋಡಿದರೂ ಇವನೇ ಹೊಸಬ. ಹಳಬನಾಗುವಷ್ಟು ಕಾಲ ಅವನನ್ನು ಎಲ್ಲೂ ಯಾರೂ ಇಟ್ಟುಕೊಂಡಿರಲಿಲ್ಲ. ಹೆಸರು ಎಷ್ಟು ಅಂಟಿಕೊಂಡಿತೆಂದರೆ ಸ್ವಂತ ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು.

ಆ ಹೆಂಡತಿ ಈಗ ಒಳಗಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಮಗಳನ್ನು ಕರೆದುಕೊಂಡು ಅಣ್ಣನ ಮನೆ ಸೇರಿದ ದಿನ ಅವಳು ಒಂದೇ ಮಾತು ಹೇಳಿದ್ದಳು: "ಒಂದೇ ಒಂದು ಕಡೆ ಒಂದು ವರ್ಷ ನಿಂತು ತೋರಿಸಿ. ಆಮೇಲೆ ಬಂದು ಕರೀರಿ." ಹೊಸಬ ನಿಂತಿದ್ದ. ಕನ್ನಡಕದ ಅಂಗಡಿಯೊಂದರಲ್ಲಿ, ಜಪ್ಪಯ್ಯ ಅಂದರೂ ಅಲುಗದೆ, ವರ್ಷ ಪೂರ್ತಿ ನಿಂತಿದ್ದ. ಮೊದಲೇ ಹೇಳಿದರೆ ಎಲ್ಲಿ ಕೆಟ್ಟುಹೋಗುತ್ತದೋ ಎಂದು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಈ ದಿನ ಬಂದವನೇ ಅಡುಗೆಮನೆಯ ಬಾಗಿಲಲ್ಲಿ ಅವಳಿಗೊಬ್ಬಳಿಗೇ ಹೇಳಿದ. ಅವಳು ಒರೆಸುತ್ತಿದ್ದ ಲೋಟವನ್ನು ಹಾಗೇ ಹಿಡಿದುಕೊಂಡು ಅವನ ಮುಖ ನೋಡಿದಳು.

"ನಿಜ ತಾನೇ?"

"ನಿಜ ಕಣೇ."

"ಟೀ ಕುಡೀತಾ ಕೂತಿರಿ. ಚೀಲ ತುಂಬ್ಕೊಂಡು ಬರ್ತೀನಿ," ಎಂದಳು. ಬಾಗಿಲು ದಾಟಿದವಳು ತಿರುಗಿ, "ಕಥೆ ಗಿಥೆ ಶುರು ಮಾಡ್ಬೇಡಿ," ಎಂದಳು. ಎಷ್ಟೋ ಕಾಲದ ಮೇಲೆ ಅವಳ ದನಿಯಲ್ಲಿ ಸ್ವಲ್ಪ ಸಲಿಗೆ ಕೇಳಿಸಿತು. ಹೊಸಬನಿಗೆ ಅಲ್ಲೇ ಅಳು ಬಂದಂತಾಯಿತು.

ಆದರೆ ಹಾಲಿನಲ್ಲಿ ಮಗಳಿದ್ದಳು. ಹನ್ನೊಂದು ವರ್ಷದ ಹುಡುಗಿ, ಅಪ್ಪನ ಕುರ್ಚಿಯ ಕೈ ಮೇಲೆ ಏರಿ ಕೂತು, "ನಮ್ಮಪ್ಪ ಎಷ್ಟು ಕೆಲಸ ಮಾಡಿದ್ದಾರೆ ಗೊತ್ತಾ? ಹೇಳಪ್ಪ, ಆ ಚಪ್ಪಲಿ ಅಂಗಡೀದು ಹೇಳು," ಎಂದು ಭುಜ ಅಲ್ಲಾಡಿಸಿದಳು. ಸೋದರಮಾವನ ಮನೆಯಲ್ಲಿ ಬೇರೆಯವರ ಮಂಚದ ಅಂಚಿನಲ್ಲಿ ಮಲಗುವ ಮಗುವಿಗೆ ತನ್ನದು ಅಂತ ಹೇಳಿಕೊಳ್ಳಲು ಇದ್ದದ್ದು ಇದೊಂದೇ. ಇಲ್ಲ ಅನ್ನಲು ಅವನಿಗೆ ಬಾಯಿ ಬರಲಿಲ್ಲ.

"ಚಪ್ಪಲಿ ಅಂಗಡೀಲಿ ಇಲ್ಲ ಅನ್ನೋ ಮಾತೇ ಆಡಬಾರದು," ಎಂದು ಶುರು ಮಾಡಿದ. "ಅದು ಯಜಮಾನರ ಕಟ್ಟಪ್ಪಣೆ. ಗಿರಾಕಿ ಕೇಳಿದ ಸೈಜು ಇಲ್ದಿದ್ರೂ ಇದೆ ಅನ್ಬೇಕು, ಬೇರೇದೇನಾದ್ರೂ ತೋರಿಸ್ಬೇಕು. ಸರಿ. ಒಂದಿನ ಯಜಮಾನರ ಅತ್ತೆ ಬಂದ್ರು. ಮೆಟ್ಟಿಲಲ್ಲಿ ಅವರನ್ನ ಕಂಡಿದ್ದೇ ತಡ, ಇವರು ಡಬ್ಬಗಳ ಹಿಂದೆ ಕೂತುಬಿಟ್ರು. 'ಅಳಿಯಂದ್ರು ಇಲ್ವಾ?' ಅಂದ್ರು ಆಯಮ್ಮ. ನಾನು ಇಲ್ಲ ಅನ್ನೋಹಾಗಿಲ್ವಲ್ಲ! 'ಇದ್ದಾರೆ ತಾಯಿ, ಡಬ್ಬದ ಹಿಂದೆ ಇದ್ದಾರೆ, ತೋರಿಸ್ಲಾ?' ಅಂದೆ."

ಮೇಷ್ಟ್ರು ಟೀ ನೆತ್ತಿಗೇರಿ ಕೆಮ್ಮಿದರು. "ಆಮೇಲೆ?" ಎಂದ ಭಾವ. ಈ ಆಮೇಲೆ ಎಂಬುದು ಈ ಮನೆಯ ರೂಢಿ. ಅವನ ಯಾವ ಕಥೆಯಾದರೂ ಕೊನೆಗೆ ಹೋಗಿ ನಿಲ್ಲುವುದು ಎಲ್ಲಿ ಎಂದು ಎಲ್ಲರಿಗೂ ಗೊತ್ತು, ಹೇಗೆ ನಿಲ್ಲುತ್ತದೆ ಎಂಬುದಷ್ಟೇ ಕುತೂಹಲ. "ಆಮೇಲೇನು ಭಾವ, ನನ್ನ ಕಾಲಿನ ಸೈಜಿನದೇ ಒಂದು ಜೊತೆ ನನ್ನ ಮೇಲೆ ಹಾರಿ ಬಂತು."

ಮಾತು ಸಲೀಸಾಗಿ ಹರಿಯತೊಡಗಿತು. ಹಾಸಿಗೆ ಅಂಗಡಿಯದು ಬಂತು: ಮೆತ್ತಗಿದೆ ಅಂತ ತೋರಿಸಲು ಮಲಗಿದವನು ಗೊರಕೆ ಹೊಡೆದದ್ದು, ಗಿರಾಕಿ "ನನಗೆ ಇದೇ ಬೇಕು, ಇವರು ಎದ್ದ ಮೇಲೆ ಕಳಿಸಿಕೊಡಿ," ಎಂದದ್ದು, ಹಾಸಿಗೆ ಗಿರಾಕಿಯ ಮನೆಗೂ ಇವನು ತನ್ನ ಮನೆಗೂ ಒಟ್ಟಿಗೇ ಹೊರಟದ್ದು. ದೊಡ್ಡ ಕಟ್ಟಡದ ಕಾವಲು ಕೆಲಸದ್ದು ಬಂತು: ಪ್ರತಿ ಕಾರಿಗೂ ಸಲ್ಯೂಟ್ ಹೊಡೆಯಬೇಕೆಂಬ ನಿಯಮ, ಕದ್ದ ಕಾರಿಗೂ ಗೇಟು ತೆಗೆದು ಇವನು ಸಲ್ಯೂಟ್ ಹೊಡೆದದ್ದು. "ಕಳ್ಳ ಗಾಜು ಇಳಿಸಿ ನಂಗೂ ಕೈ ಎತ್ತಿದ ಸ್ವಾಮಿ. ಆ ಕಟ್ಟಡದಲ್ಲಿ ನನಗೆ ಮರ್ಯಾದೆ ಕೊಟ್ಟವನು ಅವನೊಬ್ಬನೇ!" ಎದುರು ಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಭಾವನ ಹೆಂಡತಿ, "ಅಯ್ಯೋ ಸಾಕು ನಿಲ್ಸಿ, ಹೊಟ್ಟೆ ನೋವು ಬಂತು," ಎನ್ನುತ್ತಲೇ ಇನ್ನೊಂದು ಹೇಳಲಿ ಎಂದು ಕಾಯುತ್ತಿದ್ದಳು.

ಅವನು ಮನೆಗೆ ತರುತ್ತಿದ್ದದ್ದು ಈ ಭಾಗವನ್ನು ಮಾತ್ರ. ಹಾಸಿಗೆಯ ಮೇಲೆ ನಿದ್ದೆ ಬಂದದ್ದು ಮಗಳ ಜ್ವರಕ್ಕೆ ರಾತ್ರಿಯೆಲ್ಲ ಕೂತಿದ್ದಕ್ಕೆ ಎಂದು ಅವನು ಯಾರಿಗೂ ಹೇಳಿದವನಲ್ಲ. ಕೆಲಸ ಹೋದ ದಿನಗಳಲ್ಲಿ ಹೊತ್ತಿಗೆ ಮುಂಚೆ ಮನೆಗೆ ಹೋಗಲು ಮುಖವಿಲ್ಲದೆ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತಿರುತ್ತಿದ್ದ. ಹಾಗೆ ಕೂತಲ್ಲೇ ಅಂದಿನ ಅವಮಾನಕ್ಕೆ ತಲೆ ಬಾಲ ಸೇರಿಸುತ್ತಿದ್ದ. ಹೆಂಡತಿ ಬಾಗಿಲು ತೆಗೆಯುವ ಹೊತ್ತಿಗೆ ಕಥೆ ಸಿದ್ಧವಾಗಿರುತ್ತಿತ್ತು. ಮೊದಮೊದಲು ಅವಳು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಆಮೇಲಾಮೇಲೆ ಬಾಗಿಲು ತೆಗೆದು, ಅವನ ಮುಖ ನೋಡದೆ ಒಳಗೆ ಹೋಗುತ್ತಿದ್ದಳು.

"ಈಗೆಲ್ಲಿ ತಮ್ಮ ಬಿಡಾರ?" ಎಂದ ಭಾವ, ಮೀಸೆಯಡಿ ನಗುತ್ತ.

ಒಳಗೆ ಚೀಲದ ಜಿಪ್ ಎಳೆದ ಸದ್ದಾಯಿತು. ಹೊಸಬ ನೆಟ್ಟಗೆ ಕೂತ. "ಕನ್ನಡಕದ ಅಂಗಡೀಲಿದ್ದೀನಿ ಭಾವ. ಫ್ರೇಮ್ ಹಾಕೋದು, ಅಳತೆ ನೋಡೋದು, ಎಲ್ಲಾ ನಂದೇ."

"ಆಮೇಲೆ?"

"ಆಮೇಲೇನೂ ಇಲ್ಲ. ವರ್ಷ ಆಯ್ತು. ಅಲ್ಲೇ ಇದ್ದೀನಿ."

ನಗಲು ಸಿದ್ಧವಾಗಿದ್ದ ಬಾಯಿಗಳು ಹಾಗೇ ಕಾದವು. ಎದುರು ಮನೆಯಾತ ಗಡಿಯಾರ ನೋಡಿದ. ಮೇಷ್ಟ್ರು ಬಿಸ್ಕತ್ತಿನ ತಟ್ಟೆಯನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದರು. ಭಾವನ ಮಕ್ಕಳು ಹೊಸಬನನ್ನು ಬಿಟ್ಟು ಅವನ ಮಗಳ ಮುಖ ನೋಡಿದರು, ಇಷ್ಟೇನಾ ಅನ್ನುವ ಹಾಗೆ. ಹುಡುಗಿಯ ಕಿವಿ ಕೆಂಪಗಾಯಿತು. "ಅಪ್ಪ, ಆಮೇಲೇನಾಯ್ತು ಹೇಳಪ್ಪ," ಎಂದು ಮೆಲ್ಲಗೆ ಅವನ ತೋಳು ಹಿಂಡಿದಳು.

ಅಯ್ಯೋ ದೇವರೇ, ಆ ಹಾಳು ನಾಲಿಗೆ! ಒಂದು ವರ್ಷ ಸುಮ್ಮನಿದ್ದದ್ದು ಒಂದು ಗಳಿಗೆ ಸುಮ್ಮನಿರಬಾರದಿತ್ತೆ?

"ಆಮೇಲೆ ಯಜಮಾನರ ಹೆಂಡ್ತಿ ಬಂದ್ರಪ್ಪ," ಎಂದುಬಿಟ್ಟ. ಕೂತವರಿಗೆ ಮತ್ತೆ ಜೀವ ಬಂತು. "ನಾನು ಯಾರೋ ಗಿರಾಕೀದು ಸೋಡಾ ಬುಡ್ಡಿ ಕನ್ನಡಕ ಒರೆಸಿ, ಸರಿಯಾಗಿದ್ಯಾ ನೋಡೋಣ ಅಂತ ನನ್ನ ಮೂಗಿನ ಮೇಲೇ ಏರಿಸ್ಕೊಂಡಿದ್ದೆ. ಎದುರಿಗೆ ಏನೋ ಒಂದು ಆಕಾರ ನಿಂತಿದೆ. ಹೊಸ ಫ್ರೇಮ್ ಹಾಕ್ಕೊಂಡು, 'ಹೇಗೆ ಕಾಣುತ್ತೆ?' ಅಂತು. ನಾನು ಭಾರೀ ಗತ್ತಲ್ಲಿ ಹೇಳ್ದೆ: 'ಬೇಡ ಸಾರ್, ಈ ಫ್ರೇಮಲ್ಲಿ ನಿಮ್ಮ ಮೀಸೆ ಎದ್ದು ಕಾಣುತ್ತೆ!'"

ಎಲ್ಲರೂ ಎದ್ದು ಬಿದ್ದು ನಕ್ಕರು. ಭಾವ ತೊಡೆ ತಟ್ಟಿಕೊಂಡ. "ಆಮೇಲೆ? ಆಮೇಲೆ?"

"ಆಮೇಲೆ ಆ ಕನ್ನಡಕದಲ್ಲಿ ನನಗೆ ಸ್ಪಷ್ಟವಾಗಿ ಕಾಣಿಸಿದ್ದು ಒಂದೇ, ಅಂಗಡಿ ಬಾಗಿಲು."

ಮಗಳು ಅವನ ಭುಜಕ್ಕೆ ಮುಖ ಒತ್ತಿ ನಗುತ್ತಿದ್ದಳು. ಅವಳ ತಲೆಯ ಮೇಲಿಂದ ನೋಡಿದಾಗ ಕೋಣೆಯ ಬಾಗಿಲಲ್ಲಿ ಹೆಂಡತಿ ಕಂಡಳು. ಒಳ್ಳೆಯ ಸೀರೆ ಉಟ್ಟಿದ್ದಳು, ಕೈಯಲ್ಲಿ ಚೀಲವಿತ್ತು. ಅವಳು ಏನೂ ಹೇಳದೆ ಹಿಂದಕ್ಕೆ ಹೋಗಿ ಬಾಗಿಲು ಮುಂದೆ ಮಾಡಿದಳು.

"ಸುಳ್ಳು ಕಣೇ!" ಎಂದು ಹೊಸಬ ಎದ್ದು ನಿಂತ. "ತಮಾಷೆಗೆ ಹೇಳ್ದೆ! ಯಜಮಾನರಿಗೆ ಹೆಂಡ್ತೀನೇ ಇಲ್ಲ! ಮದುವೇನೇ ಆಗಿಲ್ಲ ಅವರು!"

ಎಲ್ಲಕ್ಕಿಂತ ಜೋರಾದ ನಗು ಬಂದದ್ದು ಆಗಲೇ. ಮೇಷ್ಟ್ರು ಗೋಡೆ ಹಿಡಿದುಕೊಂಡರು.

ಕೋಣೆಯಲ್ಲಿ ಅವಳು ಮಂಚದ ಮೇಲೆ ಚೀಲ ಬಿಚ್ಚಿ ಒಂದೊಂದೇ ಬಟ್ಟೆ ಹೊರಗಿಡುತ್ತಿದ್ದಳು. ಅವನು ಹಿಂದೆಯೇ ಬಂದು ಫೋನ್ ಹಿಡಿದು, "ಯಜಮಾನರ ಹತ್ರ ಮಾತಾಡು, ಈಗಲೇ ಮಾಡಿ ಕೊಡ್ತೀನಿ," ಎಂದು ಗೋಗರೆದ.

"ಹೋದ ಸಲ ಯಜಮಾನರು ಅಂತ ಮಾತಾಡಿದ್ದು ನಿಮ್ಮ ಕ್ಷೌರದಂಗಡಿ ಸ್ನೇಹಿತ," ಎಂದಳು. ಕೋಪವಿರಲಿಲ್ಲ, ದನಿಯಲ್ಲಿ ಬರೀ ಸುಸ್ತು. "ಇರ್ಲಿ, ಕೆಲಸ ಇದೆ ಅಂತಾನೇ ಇಟ್ಕೊಳ್ಳಿ. ನಿಮ್ಮ ಜೊತೆ ಹೊರಡೋಕೆ ನಾನು ಸೀರೆ ಬದಲಾಯಿಸ್ಕೊಂಡು ಒಳಗೆ ನಿಂತಿದ್ದೀನಿ ಅಂತ ನಿಮಗೊಬ್ಬರಿಗೇ ಗೊತ್ತಿತ್ತು. ಅವರು ಐದು ನಿಮಿಷ ನಗಲಿ ಅಂತ ಅದನ್ನೂ ಕೊಟ್ಟುಬಿಟ್ರಿ. ನಾಳೆ ಯಾರಿಗೆ ಏನು ಕೊಡ್ತೀರೋ." ಮಡಚಿದ ಲಂಗವನ್ನು ಮತ್ತೆ ಬಿಚ್ಚಿ ಮಡಚಿದಳು. "ಹೊರಡಿ. ಮಗಳು ಬಸ್ ಹತ್ತಿಸಿ ಬರ್ತಾಳೆ."

ಅವನ ಬಾಯಿಗೆ ಬಂದದ್ದೆಲ್ಲ ತಮಾಷೆಯಾಗಿಯೇ ಬಂತು. ಫೋನನ್ನು ಜೇಬಿಗಿಳಿಸಿ ಹೊರಗೆ ಬಂದ.

ಮಗಳು ಅವನ ಕೈ ಹಿಡಿದು, ಗಟಾರದ ಕಲ್ಲುಗಳ ಮೇಲೆ ಕಾಲಿಡುತ್ತ ನಡೆದಳು. ನಿಲ್ದಾಣ ಹತ್ತಿರ ಬಂದಾಗ ನಿಂತಳು.

"ಅಪ್ಪ, ಒಂದು ಕೇಳ್ತೀನಿ, ಬೈಬಾರದು."

"ಕೇಳಮ್ಮ."

"ಯಜಮಾನರ ಹೆಂಡ್ತಿ ಸುಳ್ಳು ಅಂದ್ಯಲ್ಲ. ಅಂದ್ರೆ ಕನ್ನಡಕದ ಅಂಗಡೀನೂ ಇಲ್ಲ ಅಲ್ವಾ? ಅಮ್ಮ ಬರ್ಲಿ ಅಂತ ನೀನೇ ಕಟ್ಟಿ ಹೇಳಿದ್ದು ಅಲ್ವಾ?" ಅವನು ಬಾಯಿ ತೆರೆಯುವ ಮೊದಲೇ ಅವಳು ಅವನ ಅಂಗಿಯ ಕೊನೆಯ ಗುಂಡಿ ಹಾಕಿದಳು. "ನಾನು ಅಮ್ಮಂಗೆ ಹೇಳಲ್ಲ ಬಿಡು. ನಿಂಗೆ ಎಲ್ಲಾದ್ರೂ ಒಂದು ಕೆಲಸ ಸಿಕ್ಕೇ ಸಿಗುತ್ತೆ."

ಹೊಸಬ ಅವಳ ಮುಖ ನೋಡಿದ. ಅದರಲ್ಲಿ ಅಷ್ಟು ಅಕ್ಕರೆಯಿತ್ತು, ಅದನ್ನು ಅಲ್ಲಗಳೆಯಲು ಅವನಿಗೆ ಮನಸ್ಸಾಗಲಿಲ್ಲ.

"ಹೂಂ," ಎಂದ. "ಹೇಳ್ಬೇಡ."

ಅವಳು ಕೈ ಬೀಸಿ, ಕುಣಿಯುತ್ತ ವಾಪಸು ಓಡಿದಳು. ಬಸ್ಸಿನಲ್ಲಿ ಅವನ ಪಕ್ಕ ಒಬ್ಬ ಮುದುಕ ಸಡಿಲಾದ ಕನ್ನಡಕವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನಿಲ್ದಾಣದ ಹೆಸರು ಓದಲು ಹೆಣಗುತ್ತಿದ್ದ. "ಇಲ್ಲಿ ಕೊಡಿ ಯಜಮಾನ್ರೇ," ಎಂದ ಹೊಸಬ. ಜೇಬಿನಿಂದ ಬೆರಳಿನಷ್ಟೂ ಉದ್ದವಿಲ್ಲದ ತಿರುಪುಳಿ ತೆಗೆದು, ಕಡ್ಡಿಯ ಸ್ಕ್ರೂ ಬಿಗಿ ಮಾಡಿ, ಗಾಜನ್ನು ಅಂಗಿಯ ತುದಿಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಮುದುಕನ ಕಿವಿಗಳ ಮೇಲೆ ಕೂರಿಸಿದ. ಮುದುಕ ತಲೆ ಅಲ್ಲಾಡಿಸಿ ನೋಡಿದ, ಕನ್ನಡಕ ಜಾರಲಿಲ್ಲ. ಕಿಟಕಿಯಾಚೆ ರಸ್ತೆ ಖಾಲಿಯಾಗಿತ್ತು.