ತೆಗೆದಿಟ್ಟ ಮೂವತ್ತೊಂದು ಕೈ

ಗೋಡೆಗೆ ಚಿತ್ರ ಹಚ್ಚುವುದರಲ್ಲಿ ನನ್ನನ್ನು ಮೀರಿಸುವವರು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ. ಓರೆಕೋರೆ ಅಳೆಯುವ ರಸಮಟ್ಟ ನನ್ನ ಕೈಗೆ ಬಂದರೆ ತಾನೇ ನಾಚಿಕೊಂಡು ಗುಳ್ಳೆಯನ್ನು ನಡುವಿಗೆ ತಂದುಕೊಳ್ಳುತ್ತದೆ. ಅದಕ್ಕೇ ನನ್ನ ಅಕ್ಕನ ಮಗಳು ತನ್ನ ಮೊದಲ ಏಕವ್ಯಕ್ತಿ ಪ್ರದರ್ಶನದ ಗೋಡೆಯನ್ನು ನನಗೆ ಒಪ್ಪಿಸಿದ್ದು.

ಅವಳು ಆ್ಯನಿಮೇಷನ್ ಕಲಾವಿದೆ, ಅಕ್ಕ ದರ್ಜಿ. ಸೂಜಿಗೆ ದಾರ ಪೋಣಿಸುವ ಅಕ್ಕನ ಕೈಯನ್ನು ಹುಡುಗಿ ತೊಂಬತ್ತಾರು ಹಾಳೆಗಳಲ್ಲಿ ಬರೆದಿದ್ದಳು. ಪರದೆಯ ಮೇಲೆ ಅದು ಬರೀ ಎಂಟು ಸೆಕೆಂಡು! "ಬರೆದಿದ್ದನ್ನೇ ನೂರು ಸಲ ಬರೆಯೋದೂ ಒಂದು ಕೆಲಸಾನಾ?" ಎಂದು ಹತ್ತು ವರ್ಷದಿಂದ ಮೂಗು ಮುರಿಯುತ್ತಿದ್ದ ಅಕ್ಕ ಈ ಸಲ ಬರಲು ಒಪ್ಪಿದ್ದಳು.

"ಮಾವ, ಯಾರೂ ಹೊಗಳದಿದ್ರೂ ಪರವಾಗಿಲ್ಲ. ಅಮ್ಮ ಒಂದು ಸಲ ನಿಂತು ನೋಡಿದ್ರೆ ಸಾಕು" ಎಂದಿದ್ದಳು ಹುಡುಗಿ.

ನನ್ನದು ಹದ್ದಿನ ಕಣ್ಣು. ಗೋಡೆಗೆ ಹಚ್ಚಲು ಕೊಟ್ಟಿದ್ದ ಹಾಳೆಗಳ ಕಟ್ಟು ಬಿಚ್ಚಿದೊಡನೆ ತಿಳಿಯಿತು: ಪಾಪ, ಗಡಿಬಿಡಿಯಲ್ಲಿ ಒಂದೇ ಚಿತ್ರವನ್ನು ಎರಡೆರಡು, ಮೂರು ಮೂರು ಸಲ ಸೇರಿಸಿಬಿಟ್ಟಿದ್ದಾಳೆ! ಮೂವತ್ತೊಂದು ಹಾಳೆಗಳನ್ನು ಆರಿಸಿ ತೆಗೆದಿಟ್ಟೆ. ಉಳಿದವನ್ನು ಕೂದಲೆಳೆಯಷ್ಟೂ ಅಂತರ ತಪ್ಪದಂತೆ ಪಿನ್ನು ಚುಚ್ಚಿ ಸಾಲಾಗಿ ನಿಲ್ಲಿಸಿದೆ. ಒಳಕೋಣೆಯಲ್ಲಿ ಪರದೆಯೊಂದಿಗೆ ಗುದ್ದಾಡುತ್ತಿದ್ದ ಹುಡುಗಿ ಇತ್ತ ಇಣುಕಲೂ ಇಲ್ಲ.

ಸಂಜೆ ಉದ್ಘಾಟನೆಗೆ ಲಕ್ಷ ಜನ ಸೇರಿದರು. ಗ್ಯಾಲರಿಯ ಒಡತಿ ನಲವತ್ತು ಎನ್ನುತ್ತಾಳೆ. ಅವಳಿಗೆ ಎಣಿಸಲು ಬರುವುದಿಲ್ಲ. ಆಕೆ ಭಾಷಣದ ಚೀಟಿ ಬಿಡಿಸುವಷ್ಟರಲ್ಲಿ, ಗೋಡೆಯುದ್ದಕ್ಕೂ ನಡೆಯುತ್ತಿದ್ದ ಅಕ್ಕ ಒಂಬತ್ತನೆಯ ಹಾಳೆಯ ಮುಂದೆ ನಿಂತುಬಿಟ್ಟಳು.

"ಲೋ, ಇಲ್ಲಿ ಕೈ ಹಾರಿದೆ."

"ಅದು ಕಲೆ ಅಕ್ಕ, ನಿನಗೆ ಗೊತ್ತಾಗಲ್ಲ."

"ಕಲೆಯೂ ಇಲ್ಲ ಮಣ್ಣೂ ಇಲ್ಲ. ದಾರದ ತುದಿ ಹೊಸೆಯದೇ ಸೂಜಿ ಹತ್ರ ಹೋದ್ರೆ ಅದು ಒಳಗೆ ಹೋಗುತ್ತೇನೋ? ಮಧ್ಯದ್ದೆಲ್ಲಿ?"

ಹುಡುಗಿ ಓಡಿ ಬಂದಳು. ಗೋಡೆ ನೋಡಿದಳು, ನನ್ನನ್ನು ನೋಡಿದಳು. ಮುಖ ಸುಣ್ಣವಾಯಿತು.

"ಮಾವ, ಉಳಿದವೆಲ್ಲಿ?"

"ಎಲ್ಲ ಒಂದೇ ಥರ ಇದ್ವಲ್ಲಮ್ಮ, ಅದಕ್ಕೇ…"

"ಒಂದೇ ಥರಾನಾ?"

ಗುಡುಗಿದ್ದು ಹುಡುಗಿಯಲ್ಲ, ಅಕ್ಕ. ಗೋಡೆಯ ಸುಣ್ಣವೇ ಉದುರಿತು!

ನಾನು ಗಾಳಿಗಿಂತ ವೇಗವಾಗಿ ತೆಗೆದಿಟ್ಟ ಹಾಳೆಗಳನ್ನು ತಂದೆ. "ಹಿಂದುಗಡೆ ನಂಬರ್ ಇದೆ ಅಮ್ಮ" ಎಂದಳು ಹುಡುಗಿ.

"ನನ್ನ ಕೈ ನನಗೆ ಗೊತ್ತಿಲ್ವೇನೇ? ತಾ ಇಲ್ಲಿ."

ಅಕ್ಕ ಒಂದೊಂದೇ ಹಾಳೆಯನ್ನು ಕಣ್ಣ ಹತ್ತಿರ ಹಿಡಿದು, ಗಾಳಿಯಲ್ಲಿ ತನ್ನ ಬೆರಳುಗಳನ್ನೂ ಹಾಗೇ ಆಡಿಸಿ, ಜಾಗ ತೋರಿಸಿದಳು. ನಾನು ಪಿನ್ನು ಕಿತ್ತೆ, ಸರಿಸಿದೆ, ಚುಚ್ಚಿದೆ. ಒಡತಿ ಭಾಷಣ ಮರೆತು ಪಿನ್ನಿನ ಡಬ್ಬಿ ಹಿಡಿದಳು. ಹುಡುಗಿ ಪ್ರತಿ ಹಾಳೆಯ ಹಿಂದಿನ ನಂಬರ್ ನೋಡುತ್ತ ಬಂದಳು. ಎಲ್ಲವೂ ಸರಿ, ಒಂದು ಜೋಡಿಯ ಹೊರತು.

"ಇವೆರಡು ಹಿಂದೆ ಮುಂದೆ ಆಗಿದೆ, ಅಮ್ಮ."

"ಆಗಿಲ್ಲ. ದಾರದ ತುದಿ ಸೂಜಿಯ ಆ ಕಡೆ ಬರೋ ತನಕ ಹೆಬ್ಬೆರಳು ಬಿಗಿಯಾಗೇ ಇರುತ್ತೆ, ಆಮೇಲೆ ಸಡಿಲ. ನೀನೇ ತಪ್ಪು ಬರ್ದಿದೀಯ."

ಹುಡುಗಿ ಎರಡನ್ನೂ ತುಂಬ ಹೊತ್ತು ನೋಡಿದಳು. ಆಮೇಲೆ ಚೀಲದಿಂದ ರಬ್ಬರು ತೆಗೆದು ಹಿಂದಿನ ನಂಬರುಗಳನ್ನು ಅಳಿಸಿ, ಅಮ್ಮ ಹೇಳಿದಂತೆ ಬರೆದಳು. ಅವಳ ಮುಖದ ತುಂಬ ನಗು.

"ಬಾ, ಈಗ ಮೊದಲಿಂದ ತೋರಿಸು" ಎಂದು ಅಕ್ಕ ಅವಳ ಮೊಣಕೈ ಹಿಡಿದು ಹೊರಟಳು. ಉದ್ಘಾಟನೆ ಒಂದು ಯುಗ ತಡವಾಯಿತು, ನಿಜ. ಆದರೆ ಆ ಮೂವತ್ತೊಂದನ್ನು ನಾನು ತೆಗೆದಿಡದೇ ಇದ್ದಿದ್ದರೆ? ಇಷ್ಟು ಮಾಡಿದವನಿಗೆ ಆ ಇಬ್ಬರೂ ಇನ್ನೂ ಒಂದು ಥ್ಯಾಂಕ್ಸ್ ಕೂಡ ಹೇಳಿಲ್ಲ.