ಬೀಗತನ

ಮೂರನೆಯ ಸಲ ಅವಳು ನಡುಬಾಗಿಲನ್ನು ಅಂಗೈಯಿಂದ ತಟ್ಟಿದಾಗ ಒಳಗಿನಿಂದ ಅತ್ತಿಗೆಯ ಧ್ವನಿ ಬಂತು.

"ಬಾಗಿಲು ಮುರೀಬೇಡ. ನಾವೇನು ಕಿವುಡ್ರಲ್ಲ."

"ಅತ್ತಿಗೆ, ಒಂದೇ ಒಂದು ಸಲ ತೆಗೀರಿ. ಅಪ್ಪನ ಮುಖ ನೋಡಿ ವಾಪಸ್ ಬಂದ್ಬಿಡ್ತೀನಿ. ಏನನ್ನೂ ಮುಟ್ಟಲ್ಲ."

"ನೀನು ಮುಟ್ಟಿದ್ದು ಸಾಕು. ಅದಕ್ಕೇ ಅವ್ರು ಅಲ್ಲಿ ಮಲಗಿರೋದು."

"ಡಾಕ್ಟರು ಹೃದಯ ನಿಂತಿದ್ದು ಅಂದ್ರಲ್ಲ."

"ಡಾಕ್ಟರು ಹೊಸಿಲು ದಾಟದೆ ಅಂದಿದ್ದು. ಹೊಸಿಲಲ್ಲಿ ನಿಂತು ನಾನೂ ಏನ್ ಬೇಕಾದ್ರೂ ಅಂತೀನಿ."

ಒಳಗೆ ನೆಲ ಒರೆಸುವ ಸದ್ದು. ಔಷಧಿ ನೀರಿನ ವಾಸನೆ ಬಾಗಿಲ ಕೆಳಗಿನಿಂದ ಹರಿದು ಬಂದು ಅವಳ ಕಾಲ ಬೆರಳಿಗೆ ತಾಗಿತು.

ಅದು ಉದ್ದನೆಯ, ರೈಲಿನ ಡಬ್ಬಿಯಂಥ ಮನೆ. ಬೀದಿಗೆ ಅಣ್ಣ ಅತ್ತಿಗೆಯ ಕೋಣೆ, ಆಮೇಲೆ ಉಗ್ರಾಣ, ಅಡುಗೆಮನೆ, ಅಡುಗೆಮನೆಯ ಪಕ್ಕದಲ್ಲೇ ಅಪ್ಪನ ಮಂಚ. ಅಲ್ಲಿಗೆ ನಡುಬಾಗಿಲು. ಅದರಾಚೆ ನಲ್ಲಿ, ಬಟ್ಟೆ ಒಗೆಯುವ ಕಲ್ಲು, ಹಿಂದಿನ ಕೋಣೆ. ಹಿಂದಿನ ಕೋಣೆ ಅವಳದು. ಗಂಡನ ಮನೆ ಬಿಟ್ಟು ಬಂದ ಮೂರು ವರ್ಷದಿಂದಲೂ ಅವಳದೇ. ಊರೆಲ್ಲ ಬಾಗಿಲು ಹಾಕಿಕೊಂಡ ಮೇಲೂ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಅವಳು ದಿನಾ ಹೋಗಬೇಕಿತ್ತು. ಮೂರನೆಯ ದಿನವೇ ಅಣ್ಣ ನಡುಬಾಗಿಲಿಗೆ ಬೀಗ ಹಾಕಿದ್ದ. ಅವತ್ತಿನಿಂದ ಇವತ್ತಿಗೆ ನಲವತ್ತು ದಿನ.

ಮುಂದುಗಡೆಯಿಂದ ಬರುವ ಹಾಗಿರಲಿಲ್ಲ. ಅಣ್ಣ ಬೆಳಿಗ್ಗೆಯೇ ಗೋಡೆಯಾಚೆಯಿಂದ ಹೇಳಿದ್ದ: "ಬೀದಿಯವ್ರೆಲ್ಲ ಕಿಟಕೀಲೇ ಇದಾರೆ. ನೀನು ಮುಂದೆ ಕಾಣಿಸ್ಕೊಂಡ್ರೆ ಯಾರಾದ್ರೂ ಫೋನ್ ಮಾಡ್ತಾರೆ. ಆಮೇಲೆ ಅಪ್ಪನ್ನ ಪ್ಲಾಸ್ಟಿಕ್‌ನಲ್ಲಿ ಸುತ್ಕೊಂಡು ಅವ್ರೇ ತಗೊಂಡು ಹೋಗ್ತಾರೆ. ನಮ್ಗೂ ಸಿಗಲ್ಲ, ನಿನ್ಗೂ ಸಿಗಲ್ಲ. ಅದು ಬೇಕಾ? ಹನ್ನೆರಡಕ್ಕೆ ಗಾಡಿ. ಐದು ಜನಕ್ಕೆ ಚೀಟಿ. ನಿನ್ನ ಹೆಸರಿಲ್ಲ."

ಅವನು ಬಸ್ ಡಿಪೋದ ಟೈಮ್ ಕೀಪರ್. ಹನ್ನೆರಡು ಅಂದರೆ ಹನ್ನೆರಡೇ.

ಈಗ ಹನ್ನೊಂದು ಕಾಲು.

*

ಬಸ್ಸು ನಿಂತ ಮೊದಲ ವಾರ ಟೈಮ್ ಕೀಪರ್‌ಗೆ ಕೈಕಾಲು ಆಡಿರಲಿಲ್ಲ. ಎರಡನೆಯ ವಾರ ಮನೆಯನ್ನೇ ಡಿಪೋ ಮಾಡಿಕೊಂಡ. ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ವೇಳಾಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ. ಆರೂವರೆಗೆ ಸ್ನಾನ, ತಾನು. ಆರು ಐವತ್ತಕ್ಕೆ ಸ್ನಾನ, ಹೆಂಡತಿ. ಎಂಟಕ್ಕೆ ಬಾಗಿಲ ಹಿಡಿಗಳನ್ನು ಒರೆಸುವುದು. ಒಂಬತ್ತಕ್ಕೆ ಮಾಳಿಗೆಯ ಮೇಲೆ ನೂರು ಸುತ್ತು. ಅತ್ತಿಗೆ ಉಗ್ರಾಣದ ಡಬ್ಬಿಗಳನ್ನೆಲ್ಲ ಇಳಿಸಿ, ಒರೆಸಿ, ಚೀಟಿ ಅಂಟಿಸಿ, ಮತ್ತೆ ಏರಿಸಿದಳು. ಒಂದು ವಾರದಲ್ಲಿ ಅದನ್ನು ಎರಡು ಸಲ ಮಾಡಿದಳು.

"ಮಾವಂಗೂ ಏನಾದ್ರೂ ಬರೀರಿ. ಸುಮ್ನೆ ಕೂತ್ಕೊಂಡು ನನ್ನ ಕೈಯನ್ನೇ ನೋಡ್ತಿರ್ತಾರೆ," ಎಂದಳು.

ಅಪ್ಪನ ಬೀಗದಂಗಡಿ ಮುಚ್ಚಿತ್ತು. ಐವತ್ತು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು ಬೇರೆಯವರ ಬಾಗಿಲು ತೆಗೆದವನು ಅವನು. "ಬರಿ," ಎಂದ ಮಗನಿಗೆ. "ಹನ್ನೊಂದರಿಂದ ಹನ್ನೆರಡು, ಬೀಗಗಳಿಗೆ ಎಣ್ಣೆ."

ಮನೆಯಲ್ಲಿದ್ದದ್ದು ನಾಲ್ಕು ಬೀಗ. ಬೀದಿಬಾಗಿಲು, ಅತ್ತಿಗೆಯ ಉಗ್ರಾಣ, ನಡುಬಾಗಿಲು, ಹಿಂದಿನ ಕೋಣೆ. ನಾಲ್ಕೂ ಅಂಗಡಿಯಿಂದಲೇ ತಂದು ಬಾಗಿಲ ಮರದೊಳಗೆ ಕೂರಿಸಿದ್ದು. ಒಂದೇ ಜಾತಿ, ಎರಡೂ ಕಡೆಯಿಂದ ಕೀಲಿ ತೂರುವಂಥವು.

"ಪುಟ್ಟೀ," ಎಂದು ಅವನು ನಡುಬಾಗಿಲಿನ ಒಳಗಿನಿಂದ ಕೂಗಿದ್ದ. "ನಿನ್ನ ಬಾಗಿಲಿನ ಬೀಗದ್ದು ನಾಲ್ಕು ಸ್ಕ್ರೂ ಬಿಚ್ಚಿ ಕೊಡಮ್ಮ. ಕೆಮ್ಮು ಬಂದೋರ ಥರ ಗೊರಗೊರ ಅನ್ನುತ್ತೆ ಅದು."

ಅವಳು ಬಿಚ್ಚಿ ಬಕೆಟ್ಟಿನಲ್ಲಿಟ್ಟಳು. ಅಣ್ಣ ಅದನ್ನು ಒಂದು ದಿನ ಸೋಪಿನ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಅಪ್ಪನಿಗೆ ಕೊಟ್ಟ. "ಬೀಗಕ್ಕೂ ಜ್ವರ ಬರುತ್ತೇನೋ?" ಎಂದು ಅಪ್ಪ ಕೇಳಿದ್ದಕ್ಕೆ, "ನಿಮ್ಗೆ ಎಲ್ಲಾ ತಮಾಷೆ," ಎಂದ.

ಒಂದು ವಾರ ಅಪ್ಪ ಅರ ಹಿಡಿದು ಕೂತ. ಬೀಗಗಳ ಹೊಟ್ಟೆ ಬಿಚ್ಚಿ ಹಾಳೆಯ ಮೇಲೆ ಹರಡಿಕೊಂಡ. ಕಬ್ಬಿಣದ ಪುಡಿ ಉದುರುತ್ತದೆ ಎಂದು ಸೊಸೆ ಬೈದಳು. ಹಳೆಯ ಕೀಲಿಗಳು ಸವೆದಿವೆ ಎಂದು ಅಪ್ಪ ಎಲ್ಲರಿಗೂ ಹೊಸದು ಮಾಡಿಕೊಟ್ಟ. ನೋಡಲು ಎಲ್ಲ ಒಂದೇ ಥರ ಇವೆ ಎಂದು ಟೈಮ್ ಕೀಪರ್ ಗೊಣಗಿ, ಗುರುತಿಗೆ ದಾರ ಕಟ್ಟಿಕೊಂಡ. ಬೀದಿಬಾಗಿಲಿಗೆ ಕೆಂಪು, ಉಗ್ರಾಣಕ್ಕೆ ಹಳದಿ, ನಡುಬಾಗಿಲಿಗೆ ನೀಲಿ.

ಅವಳಿಗೆ ಬಂದ ಕೀಲಿಯನ್ನು ಅವಳು ಆಸ್ಪತ್ರೆಯ ಗುರುತಿನ ಚೀಟಿಯ ದಾರಕ್ಕೆ ಸಿಕ್ಕಿಸಿ ಕುತ್ತಿಗೆಗೆ ಹಾಕಿಕೊಂಡಳು.

"ಕಳೀಬೇಡ," ಎಂದಿದ್ದ ಅಪ್ಪ ಬಾಗಿಲಾಚೆಯಿಂದ. ಪಕ್ಕದಲ್ಲೇ ಅತ್ತಿಗೆ ತರಕಾರಿ ಹೆಚ್ಚುವ ಸದ್ದು ಕೇಳುತ್ತಿತ್ತು. "ಪುಟ್ಟೀ, ಕೇಳಿಸ್ತಾ? ಬೀಗತನ ಮಾಡ್ಬಿಟ್ಟಿದೀನಿ. ಇನ್ನು ನಿನ್ಗೆ ತೊಂದ್ರೆ ಇಲ್ಲ. ಯಾವಾಗ ಬೇಕಾದ್ರೂ ಹೋಗಿ ಬಂದು ಮಾಡ್ಬೋದು."

ಅವಳಿಗೆ ಮೈ ಉರಿದುಹೋಗಿತ್ತು. ಬೀಗತನ! ಮೂರು ವರ್ಷವಾದ ಮೇಲೆ ಮತ್ತೆ ಆ ಬೀಗರ ಜೊತೆ ಮಾತಾಡಿದ್ದಾನೆ. ಕೆನ್ನೆಗೆ ಹೊಡೆದವನ ಮನೆಗೆ ವಾಪಸ್ ಹೋಗು ಅನ್ನುತ್ತಿದ್ದಾನೆ, ಅದೂ ಅತ್ತಿಗೆ ಕೇಳುವ ಹಾಗೆ.

"ನನ್ನ ಒಂದು ಮಾತು ಕೇಳ್ದೆ?"

"ನಿನ್ನ ಕೇಳೋದೇನು? ನಿನ್ಗೋಸ್ಕರಾನೇ ಮಾಡಿದ್ದು."

"ನಾನು ನಿಮ್ಗೆ ಅಷ್ಟೊಂದು ಭಾರ ಆದ್ನಾ ಅಪ್ಪ?"

"ಅಯ್ಯೋ, ಅದಲ್ಲ ಕಣೇ..." ಎಂದ ಅಪ್ಪ. ಹೆಚ್ಚುವ ಸದ್ದು ನಿಂತಿತ್ತು. ಅವನು ಮುಂದೆ ಮಾತಾಡಲಿಲ್ಲ.

ಹತ್ತು ದಿನ ಅವಳು ಬಾಗಿಲ ಹತ್ತಿರ ಹೋಗಲಿಲ್ಲ. ಅಪ್ಪ ದಿನಾ ಬಂದು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುತ್ತಿದ್ದ. ಅವಳು ನಲ್ಲಿಯನ್ನು ಜೋರಾಗಿ ಬಿಡುತ್ತಿದ್ದಳು.

*

"ಪುಟ್ಟಿ."

ಹಿತ್ತಲ ಗೋಡೆಯ ಮೇಲೆ ಒಂದು ಕಪ್ಪು ಛತ್ರಿ, ಅದರ ಕೆಳಗೆ ಬಾಯಿಗೆ ಕರ್ಚೀಫು ಕಟ್ಟಿದ ಮುಖ. ಛತ್ರಿ ಮಾಮ. ಅಪ್ಪನ ಅಂಗಡಿಯ ಪಕ್ಕದಲ್ಲಿ ಛತ್ರಿ ರಿಪೇರಿ ಮಾಡುವವನು. ಐದು ಜನರ ಚೀಟಿಯಲ್ಲಿ ಅವನ ಹೆಸರಿತ್ತು.

"ಮುಂದುಗಡೆ ನಿಂತ್ರೆ ನಿಮ್ಮಣ್ಣ ಮೂರು ಮೂರು ಸಲ ಕೈ ತೊಳಿಸ್ತಾನೆ. ನನ್ನ ಕೈಯಲ್ಲಿ ಇರೋ ನಾಲ್ಕು ಗೆರೇನೂ ಹೋಯ್ತು," ಎಂದ. ಅವಳು ನಗಲಿಲ್ಲ. ಅವನೂ ನಕ್ಕಿರಲಿಲ್ಲ. "ನೋಡಿದ್ಯೇನಮ್ಮ ಅಪ್ಪನ್ನ?"

"ಬಿಡ್ತಿಲ್ಲ."

"ಬಿಡ್ತಿಲ್ಲ ಅಂದ್ರೆ? ಬಾಗಿಲಿದೆಯಲ್ಲ."

"ಬೀಗ ಇದೆ ಮಾಮ."

ಛತ್ರಿ ಮಾಮ ಕರ್ಚೀಫನ್ನು ಗಲ್ಲಕ್ಕೆ ಇಳಿಸಿದ. "ಬೀಗ ಇದ್ರೆ ಏನು? ಹೋದ ವಾರ ಫೋನ್ ಮಾಡಿದ್ದ. ಮನೇಲಿ ಕೂತು ಕೂತು ನಾಲ್ಕು ಬೀಗಕ್ಕೂ ಬೀಗತನ ಮಾಡ್ಸಿದೀನಿ ಕಣೋ, ಮನೆಯವ್ರು ಸೇರ್ದಿದ್ರೂ ಬಾಗಿಲುಗಳಾದ್ರೂ ಸೇರ್ಲಿ, ಅಂದ. ನಕ್ಕಿದ್ದೇ ನಕ್ಕಿದ್ದು. ಆಮೇಲೆ ಮಗಳು ಮಾತು ಬಿಟ್ಟಿದಾಳೆ ಅಂತ ಸಪ್ಪಗಾದ."

"ಏನು ಮಾಡ್ಸಿದೀನಿ ಅಂದ್ರು?"

"ಬೀಗತನ. ಅದು ನಮ್ಮ ಅಂಗಡಿ ಮಾತು. ಎರಡು ಬೀಗಕ್ಕೆ ಒಂದೇ ಕೀಲಿ ಮಾಡ್ಕೊಡಿ ಅಂತ ಗಿರಾಕಿ ಬಂದ್ರೆ, ಇವೆರಡಕ್ಕೂ ಬೀಗತನ ಆಗ್ಬೇಕು, ನಾಳೆ ಬಾ ಅನ್ನೋನು. ಸಣ್ಣೋಳಿದ್ದಾಗ ಅಂಗಡೀಲಿ ಕೂತು ನೀನೂ ಕೇಳಿದೀಯ. ಮರ್ತಿದೀಯ ಅಷ್ಟೆ."

ಅವಳ ಕೈ ಕುತ್ತಿಗೆಗೆ ಹೋಯಿತು.

*

ನಿನ್ನೆ ಬೆಳಿಗ್ಗೆ ಪಾಳಿ ಮುಗಿಸಿ ಬಂದು ಅವಳು ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದಳು. ಅಣ್ಣ ಅತ್ತಿಗೆ ದಿನಸಿಯ ಸಾಲಿಗೆ ಹೋಗಿದ್ದರು. ಮುದುಕ ಅಂಗಡಿಯ ಕಡೆ ಹೊರಟುಬಿಡುತ್ತಾನೆ ಎಂದು ಬೀದಿಬಾಗಿಲಿಗೂ ಹೊರಗಿನಿಂದ ಬೀಗ ಹಾಕಿಕೊಂಡು ಹೋಗಿದ್ದರು.

ಒಳಗೆ ಸ್ಟೂಲು ಉರುಳಿತು. ಆಮೇಲೆ ಇನ್ನೇನೋ ಭಾರವಾದದ್ದು.

"ಅಪ್ಪಾ?"

ಬಾಗಿಲಿನ ಬುಡದಲ್ಲಿ, ನೆಲಕ್ಕೆ ಹತ್ತಿರದಲ್ಲಿ, ಎರಡು ಸಲ ಗೆಣ್ಣಿನ ಸದ್ದು. "ಬಾರೇ," ಎಂದ ಅಪ್ಪ. ಸಿಟ್ಟಿನಿಂದ ಅಂದ ಹಾಗಿತ್ತು. "ಬಾರೇ ಒಳಗೆ."

ಅವಳು ಬಾಗಿಲಿಗೆ ಭುಜ ಕೊಟ್ಟು ತಳ್ಳಿದಳು. ಪಕ್ಕದ ಓಣಿಯಲ್ಲಿ ಓಡಿ ಬೀದಿಬಾಗಿಲು ಗುದ್ದಿದಳು. ಎದುರುಮನೆಯವರು ಅವಳನ್ನು ನೋಡಿ ಕಿಟಕಿ ಮುಚ್ಚಿಕೊಂಡರು. ಅಣ್ಣನಿಗೆ ಫೋನ್ ಮಾಡಿದಳು. "ಸಾಲಿನಲ್ಲಿ ಇನ್ನೂ ಆರು ಜನ ಇದಾರೆ," ಎಂದ ಅವನು ಮೊದಲು. ಬಂದಾಗ ಮುಕ್ಕಾಲು ಗಂಟೆಯಾಗಿತ್ತು. ಅಷ್ಟು ಹೊತ್ತೂ ಅವಳು ನಡುಬಾಗಿಲಿಗೆ ಕೆನ್ನೆ ಒತ್ತಿ ನಿಂತು ಅಪ್ಪನನ್ನು ಕರೆಯುತ್ತಿದ್ದಳು. ಕುತ್ತಿಗೆಯ ಕೀಲಿ ಮರಕ್ಕೆ ಬಡಿದು ಟಣ್ ಟಣ್ ಎನ್ನುತ್ತಿತ್ತು. ಅಡ್ಡ ಬರುತ್ತದೆ ಎಂದು ಅದನ್ನು ಅವಳು ಬೆನ್ನ ಹಿಂದಕ್ಕೆ ಹಾಕಿಕೊಂಡಿದ್ದಳು.

*

ಕೀಲಿ ಬೆಣ್ಣೆಯಲ್ಲಿ ಇಳಿದ ಹಾಗೆ ಒಳಹೋಯಿತು. ಅಪ್ಪನ ಕೈಗೆ ಹೋಗಿ ಬಂದ ಬೀಗ ಸದ್ದು ಮಾಡುವುದಿಲ್ಲ. ತಿರುಗಿತು.

ಅತ್ತಿಗೆ ಕೈಯಲ್ಲಿದ್ದ ಒರೆಸುವ ಕೋಲನ್ನು ಎದೆಗೆ ಒತ್ತಿಕೊಂಡು ಕಿರುಚಿದಳು. ಅವಳು ಅತ್ತ ನೋಡಲೇ ಇಲ್ಲ. ಬಾಗಿಲಿನಿಂದ ಮಂಚಕ್ಕೆ ನಾಲ್ಕು ಹೆಜ್ಜೆ ಕೂಡ ಇರಲಿಲ್ಲ.

ಅಪ್ಪನಿಗೆ ಗಡ್ಡ ಬಂದಿತ್ತು. ನಲವತ್ತು ದಿನದ ಬಿಳಿ ಗಡ್ಡ. ಬಾಯಿ ಸ್ವಲ್ಪ ತೆರೆದಿತ್ತು, ಮಾತು ಅರ್ಧಕ್ಕೆ ನಿಂತವರ ಹಾಗೆ. ಉಗುರುಗಳ ಸಂದಿಯಲ್ಲಿ ಎಣ್ಣೆಯ ಕಪ್ಪು. ಎಷ್ಟು ಸೋಪು ಹಾಕಿದರೂ ಹೋಗದ ಆ ಕಪ್ಪನ್ನು ಮಗನಿಗೂ ಗೆಲ್ಲಲಾಗಿರಲಿಲ್ಲ.

"ಯಾರೇ ಕೊಟ್ರು ಕೀಲಿ?" ಟೈಮ್ ಕೀಪರ್ ಬೀದಿಯ ಕಡೆಯಿಂದ ಓಡಿ ಬಂದಿದ್ದ. ಅವನ ಹಿಂದೆ ಓಣಿ ಸುತ್ತಿ ಬಂದ ಛತ್ರಿ ಮಾಮ.

"ಇದು ನನ್ನ ಕೋಣೆದು."

"ನಿನ್ನ ಕೋಣೆದು ಇದಕ್ಕೆ ಹೇಗೆ ಹತ್ತುತ್ತೆ?"

"ಎಲ್ಲಾದಕ್ಕೂ ಹತ್ತುತ್ತಪ್ಪ," ಎಂದ ಛತ್ರಿ ಮಾಮ. "ನಿನ್ನ ದಾರಗಳು ಬರೀ ಅಲಂಕಾರಕ್ಕೆ."

ಟೈಮ್ ಕೀಪರ್ ಮೊಳೆಯಲ್ಲಿ ನೇತಾಡುತ್ತಿದ್ದ ಕೆಂಪು ದಾರದ ಕೀಲಿ ತೆಗೆದು ಉಗ್ರಾಣದ ಬಾಗಿಲಿಗೆ ಹಾಕಿದ. ತೆರೆದುಕೊಂಡಿತು. ಅವನು ಅದನ್ನೇ ನೋಡುತ್ತ ನಿಂತ, ಹೋಗಬಾರದ ರೂಟಿನಲ್ಲಿ ಬಸ್ಸು ಹೋದದ್ದನ್ನು ನೋಡಿದವನ ಹಾಗೆ.

"ಅದಕ್ಕೇ!" ಎಂದಳು ಅತ್ತಿಗೆ. "ನನ್ನ ಸಕ್ಕರೆ ಡಬ್ಬಿ ದಿನಾ ಇಳೀತಿತ್ತು. ಇವ್ಳು ದಿನಾ ಬಂದಿದಾಳೆ ರೀ. ಆಸ್ಪತ್ರೆ ಬಟ್ಟೆ ಮುಟ್ಟಿದ ಕೈಯಲ್ಲಿ ಬಂದು ಎಲ್ಲಾ ಮುಟ್ಟಿದಾಳೆ. ಇವ್ಳೇ ಮಾವನ್ನ..."

"ಸಕ್ಕರೆ ತಿಂದೋನು ಅಲ್ಲಿ ಮಲ್ಗಿದಾನಮ್ಮ," ಎಂದ ಛತ್ರಿ ಮಾಮ ಮೆಲ್ಲಗೆ. "ಫೋನಲ್ಲಿ ಅದನ್ನೂ ಹೇಳಿದ್ದ."

"ನೀವು ಸುಮ್ನಿರಿ. ಎಷ್ಟು ಸಲ ಬಂದಿದೀಯ?" ಟೈಮ್ ಕೀಪರ್ ತಂಗಿಯ ಕಡೆ ತಿರುಗಿದ. "ಲೆಕ್ಕ ಹೇಳು. ಎಷ್ಟು ಸಲ?"

"ಇದೇ ಮೊದಲು."

"ಸುಳ್ಳು."

"ಬಂದಿದ್ದಿದ್ರೆ ನಿನ್ನೆ ಅಪ್ಪ ಒಬ್ರೇ ನೆಲದ ಮೇಲೆ ಬಿದ್ದು ಸಾಯ್ತಿರ್ಲಿಲ್ಲ," ಎಂದಳು ಅವಳು.

ಟೈಮ್ ಕೀಪರ್‌ನ ಮುಖದಲ್ಲಿ ಏನೋ ಒಂದು ಸರಿದು ಬಂದು ಗಟ್ಟಿಯಾಗಿ ಕೂತಿತು.

"ಅಂದ್ರೆ," ಎಂದ, "ಕೀಲಿ ಕುತ್ತಿಗೇಲಿ ಇಟ್ಕೊಂಡೇ ಹೊರಗೆ ನಿಂತಿದ್ದೆ."

"ಬಾಯಿ ಮುಚ್ಚೋ," ಎಂದ ಛತ್ರಿ ಮಾಮ. "ಬಾಗಿಲು ಹಾಕಿದೋನು ನೀನು."

ಬೀದಿಯಲ್ಲಿ ಗಾಡಿಯ ಹಾರ್ನ್ ಕೇಳಿಸಿತು. ಹನ್ನೆರಡಕ್ಕೆ ಇನ್ನೂ ಆರು ನಿಮಿಷ ಇತ್ತು. ಟೈಮ್ ಕೀಪರ್ ಹೆಂಡತಿಯ ಕೈಯಿಂದ ಒರೆಸುವ ಕೋಲು ತೆಗೆದುಕೊಂಡ. ತಂಗಿಯನ್ನು ಕೈಯಿಂದ ಮುಟ್ಟಲಿಲ್ಲ. ಕೋಲಿನ ತುದಿಯನ್ನು ಅವಳ ಭುಜಕ್ಕೆ ಒತ್ತಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ತಳ್ಳುತ್ತ, ಹೊಸಿಲು ದಾಟಿಸಿದ. ಅವಳು ಕೊನೆಯವರೆಗೂ ಮಂಚದ ಕಡೆಯೇ ನೋಡುತ್ತಿದ್ದಳು. ಭುಜದ ಮೇಲೆ ಔಷಧಿ ನೀರಿನ ಒದ್ದೆ ಗುರುತು ಉಳಿಯಿತು.

ಬಾಗಿಲು ಮುಚ್ಚಿತು. ಬೀಗ ತಿರುಗಿತು. ಅವಳು ತಕ್ಷಣ ತನ್ನ ಕೀಲಿ ಹಾಕಿದಳು. ಅರ್ಧಕ್ಕೆ ಹೋಗಿ ನಿಂತಿತು. ಆ ಕಡೆಯಿಂದ ಅವನು ತನ್ನ ಕೀಲಿಯನ್ನು ಒಳಗೇ ಬಿಟ್ಟು ಹಿಡಿದುಕೊಂಡಿದ್ದ. ಎರಡು ಕೀಲಿಗಳ ಮೂಗು ಬೀಗದ ಹೊಟ್ಟೆಯಲ್ಲಿ ಒಂದಕ್ಕೊಂದು ತಾಗಿ ನಿಂತವು. ಅವಳೂ ಒತ್ತಿದಳು, ಅವನೂ ಒತ್ತಿದ. ಎರಡೂ ತಿರುಗಲಿಲ್ಲ.

"ರೀ, ಬನ್ನಿ, ಎತ್ತಬೇಕಂತೆ," ಎಂದಳು ಅತ್ತಿಗೆ ದೂರದಿಂದ.

ಆಮೇಲೆ ಹೆಜ್ಜೆಗಳ ಸದ್ದು, ಮಂಚ ಸರಿದ ಸದ್ದು, "ನಿಧಾನ, ನಿಧಾನ, ತಲೆ ಕಡೆ ನೋಡ್ಕೊಳಿ" ಎಂಬ ಛತ್ರಿ ಮಾಮನ ಸ್ವರ. ಬೀದಿಬಾಗಿಲು ಮುಚ್ಚಿಕೊಂಡಿತು. ಗಾಡಿ ಹೊರಟಿತು. ತಿರುವಿನಲ್ಲಿ ಒಮ್ಮೆ ಹಾರ್ನ್ ಮಾಡಿತು.

ಅವಳು ಬಗ್ಗಿ ರಂಧ್ರದಲ್ಲಿ ನೋಡಿದಳು. ಒಳಗಿನ ಬೆಳಕು ಕಾಣಲಿಲ್ಲ. ಅಣ್ಣನ ಕೀಲಿಯ ಮೊಂಡು ತುದಿ ಕಂಡಿತು.

ದಾರದಿಂದ ತನ್ನ ಕೀಲಿಯನ್ನು ಬಿಚ್ಚಿ, ಅದರ ತುದಿಯನ್ನು ಅಣ್ಣನ ಕೀಲಿಯ ಎದುರಿಗೆ ಹಿಡಿದು, ಅಪ್ಪ ಮಾಡುತ್ತಿದ್ದ ಹಾಗೆ ಸ್ವಲ್ಪವೇ ಅಲ್ಲಾಡಿಸಿ ಒತ್ತಿದಳು. ಆ ಕಡೆ ನೆಲದ ಮೇಲೆ ಟಿಣ್ ಎಂದಿತು. ಅವಳ ಕೀಲಿ ಪೂರ್ತಿ ಒಳಗೆ ಹೋಯಿತು.

ಮಂಚ ಖಾಲಿಯಿತ್ತು. ಒರೆಸಿದ ನೆಲ ಇನ್ನೂ ಆರಿರಲಿಲ್ಲ. ಗೋಡೆಯ ವೇಳಾಪಟ್ಟಿಯಲ್ಲಿ ಹನ್ನೊಂದರಿಂದ ಹನ್ನೆರಡರ ಮುಂದೆ 'ಬೀಗಗಳಿಗೆ ಎಣ್ಣೆ' ಎಂದು ಹಾಗೇ ಇತ್ತು. ಅವಳು ಮಂಚ ಸರಿಸುವಾಗ ಮತ್ತೆ ಬಿದ್ದಿದ್ದ ಸ್ಟೂಲನ್ನು ಎತ್ತಿ ನಿಲ್ಲಿಸಿ, ಅದರ ಮೇಲೆ ಕೂತು, ಅಣ್ಣನ ಕೀಲಿಯನ್ನು ನೆಲದಿಂದ ತೆಗೆದುಕೊಂಡಳು. ನೀಲಿ ದಾರ ಒದ್ದೆಯಾಗಿತ್ತು. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಬಿಡಿಸಬೇಕಾಯಿತು.

ದಾರ ಕಳಚಿದ ಮೇಲೆ ಎರಡನ್ನೂ ಒಂದೇ ಅಂಗೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದಳು. ತಿರುಗಿಸಿ ನೋಡಿದಳು. ಮತ್ತೆ ತಿರುಗಿಸಿದಳು. ಈಗ ಯಾವುದು ಅವನದು, ಯಾವುದು ತನ್ನದು ಎಂದು ಅವಳಿಗೆ ಗೊತ್ತಾಗಲಿಲ್ಲ.