ಕದ್ದ ಉಸಿರು

ಶನಿವಾರ ಬೆಳಿಗ್ಗೆ ಏಳೂ ಮುಕ್ಕಾಲರಿಂದ ಎಂಟರವರೆಗೆ ಚಿತ್ತರಂಜನ ಶೆಟ್ಟಿ ಮಂಗಳೂರಿನ ರಾಜ. ಉಳಿದ ಹೊತ್ತಿನಲ್ಲಿ ಬ್ಯಾಂಕಿನ ಟಪಾಲು ವಿಭಾಗದಲ್ಲಿ ಲಕೋಟೆಗಳಿಗೆ ಠಸ್ಸೆ ಒತ್ತುವ ಗುಮಾಸ್ತ. ರೇಡಿಯೋದಲ್ಲಿ ‘ಮುಂಜಾನೆಯ ಮೈದಾನ’ ಎಂಬ ಆಟೋಟದ ಕಾರ್ಯಕ್ರಮ ಬರುತ್ತಿತ್ತು. ಮೊದಲು ವಾರದ ಪಂದ್ಯಗಳ ಸುದ್ದಿ, ಆಮೇಲೆ ಯಾರಾದರೊಬ್ಬ ಹಳೆಯ ಆಟಗಾರರ ನೆನಪು, ಕೊನೆಗೆ ಐದು ನಿಮಿಷ ಚಿತ್ತರಂಜನನ ನಗೆ ಪಾತ್ರಗಳು. ಸುದ್ದಿಯ ಹೊತ್ತಿಗೆ ಜನ ಹಲ್ಲುಜ್ಜುತ್ತಾರೆ, ನೆನಪಿನ ಹೊತ್ತಿಗೆ ಚಹಾ ಕುಡಿಯುತ್ತಾರೆ, ತಾನು ಬಂದ ಕೂಡಲೇ ಲೋಟ ಕೆಳಗಿಡುತ್ತಾರೆ ಎಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ. ಪೂರ್ತಿ ಸುಳ್ಳೇನೂ ಅಲ್ಲ.

ಮಧ್ಯಾಹ್ನದ ಊಟಕ್ಕಾಗಿಯೇ ಆಡುವ ಫುಟ್‌ಬಾಲ್ ಗೋಲ್‌ಕೀಪರ್, ಪ್ರತಿ ಬಾಲಿಗೂ ಸ್ಟಂಪನ್ನು ನೆಟ್ಟಗೆ ಮಾಡುವ ಕ್ರಿಕೆಟ್ ಅಂಪಾಯರ್, ಹೀಗೆ ಅವನ ಗಂಟಲಿನಲ್ಲಿ ಹತ್ತಾರು ಜನ ಒಕ್ಕಲಿದ್ದರು. ಆದರೆ ೧೯೭೯ರ ಮಳೆ ಬಿಟ್ಟ ಮೇಲೆ ಹುಟ್ಟಿದ ‘ಉಸಿರಣ್ಣ’ನ ಮುಂದೆ ಅವರೆಲ್ಲ ಮಂಕಾದರು. ಉಸಿರಣ್ಣ ಜಂಬದ ಕಬಡ್ಡಿ ಆಟಗಾರ. ಊರಿನ ಒಂದು ತುದಿಯ ಪಡೀಲಿನಲ್ಲಿ ಒಮ್ಮೆ ಉಸಿರು ಹಿಡಿದರೆ ಬಿಡುವುದು ಕಾವೂರಿನ ಕೆರೆಯ ದಂಡೆಯಲ್ಲಿ.

“ಕಬಡ್ಡಿ ಕಬಡ್ಡಿ ಕಬಡ್ಡಿ, ಓ ಅಕ್ಕ, ಬಂಗುಡೆ ಮೀನು ಹೇಗೆ? ಕಬಡ್ಡಿ ಕಬಡ್ಡಿ, ಕಂಡಕ್ಟ್ರೇ, ಸ್ವಲ್ಪ ಸೈಡ್ ಕೊಡಿ ಮಾರಾಯ್ರೆ, ಕಬಡ್ಡಿ ಕಬಡ್ಡಿ...”

ಕೆರೆಯ ಹತ್ತಿರ ಬರುವಾಗ ಮೂಗಿನಿಂದ ‘ಪುಸ್ಸ್’ ಎಂದು ಒಂದು ಸದ್ದು. ಕೂಡಲೇ ಉಸಿರಣ್ಣನ ಆಣೆ ಪ್ರಮಾಣ: “ನಾನಲ್ಲ, ದೇವರಾಣೆ ನಾನಲ್ಲ! ಅದು ಸೈಕಲಿನ ಟ್ಯೂಬು!”

ಊರಿಗೆ ಊರೇ ಪುಸ್ಸ್ ಎನ್ನತೊಡಗಿತು. ಬಸ್ಸಿನಲ್ಲಿ ಪುಸ್ಸ್, ಶಾಲೆಯಲ್ಲಿ ಪುಸ್ಸ್, ಬ್ಯಾಂಕಿನ ಮ್ಯಾನೇಜರು ಮೆಟ್ಟಿಲು ಹತ್ತಿ ಬಂದರೆ ಹಿಂದಿನಿಂದ ಪುಸ್ಸ್. ಅಷ್ಟುದ್ದದ ಉಸಿರು ಚಿತ್ತರಂಜನನದ್ದೇ ಎಂದು ಎಲ್ಲರೂ ನಂಬಿದ್ದರು. ನಿಜವಾಗಿ ಅದು ಧ್ವನಿಮುದ್ರಣದ ಗ್ರೆಗರಿಯ ಬ್ಲೇಡಿನದ್ದು. ಉಸಿರು ಎಳೆದ ಕಡೆ ಟೇಪನ್ನು ಕತ್ತರಿಸಿ, ಆ ತುಂಡನ್ನು ಬುಟ್ಟಿಗೆ ಹಾಕಿ, ಎರಡು ತುದಿ ಅಂಟಿಸಿದರೆ ಉಸಿರೇ ಬೇಡದ ಮನುಷ್ಯ ತಯಾರು. ಅವರಿಬ್ಬರ ಹೊರತು ಯಾರಿಗೂ ಇದು ತಿಳಿದಿರಲಿಲ್ಲ.

ಇನ್ನು ಉಸಿರಣ್ಣ ಎಲ್ಲಿಂದ ಬಂದ? ಚಿತ್ತರಂಜನನ ಅಪ್ಪ ಗುಣಪಾಲ ಶೆಟ್ಟರ ಬಾಯಿಂದ. ಇಪ್ಪತ್ತೈದು ವರ್ಷದ ಹಿಂದೆ ದೇರೆಬೈಲಿನ ಕೊಯ್ಲಾದ ಗದ್ದೆಯಲ್ಲಿ ನಡೆದ ಕಬಡ್ಡಿ ಫೈನಲಿಗೆ ಶೆಟ್ಟರೇ ಅಂಪಾಯರ್. ದೇರೆಬೈಲಿನವರ ಎದುರು ಕಾವೂರಿನವರು. ಕೊನೆಯ ರೈಡಿಗೆ ಬಂದ ಕಾವೂರಿನ ಮುದ್ದು ಪೂಜಾರಿ ಮೂವರನ್ನು ಮುಟ್ಟಿ ಗೆರೆ ದಾಟಿದ. ಆದರೆ ನಡುವೆ ಗುಟ್ಟಾಗಿ ಹೊಸ ಗಾಳಿ ಎಳೆದು ಉಸಿರು ಕದ್ದ. ಶೆಟ್ಟರ ಕಿವಿ ಬಿಡುತ್ತದೆಯೇ? ಸೀಟಿ ಊದಿದರು, ಮುದ್ದು ಔಟ್, ಬಹುಮಾನದ ಕಪ್ ದೇರೆಬೈಲಿಗೆ. ಈ ಕಥೆಯನ್ನು ಶೆಟ್ಟರು ನೆಂಟರು ಬಂದಾಗಲೆಲ್ಲ ಹೇಳಿ, ಮೂಗಿನಲ್ಲಿ ಪುಸ್ಸ್ ಮಾಡಿ, ಹೊಟ್ಟೆ ಕುಣಿಸಿ ನಗುತ್ತಿದ್ದರು. ಭೂಮಸೂದೆಯಲ್ಲಿ ಗದ್ದೆಗಳೆಲ್ಲ ಒಕ್ಕಲಿನವರ ಪಾಲಾದ ಮೇಲಂತೂ ಅವರ ಕೈಯಲ್ಲಿ ಉಳಿದ ಆಸ್ತಿ ಈ ಕಥೆಯೊಂದೇ ಎಂಬಂತೆ ಜಾಸ್ತಿ ಹೇಳುತ್ತಿದ್ದರು. ಅಪ್ಪನ ಆಸ್ತಿಯನ್ನು ಮಗ ರೇಡಿಯೋಕ್ಕೆ ತಂದ, ಅಷ್ಟೆ.

ಒಂದು ಗುರುವಾರ ಧ್ವನಿಮುದ್ರಣದ ಕೋಣೆಯ ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಐವತ್ತೈದರ ಆಸುಪಾಸು, ಕುತ್ತಿಗೆಯವರೆಗೆ ಗುಂಡಿ ಹಾಕಿದ ಬಿಳಿ ಅಂಗಿ, ಚಪ್ಪಲಿ ಹೊರಗೆ ಬಿಟ್ಟು ಬರಿಗಾಲು. ರೇಡಿಯೋ ನಿಲಯದ ಗುಡ್ಡ ಹತ್ತಿ ಬಂದದ್ದಕ್ಕೆ ಎದೆ ಏರಿಳಿಯುತ್ತಿತ್ತು, ನಡುನಡುವೆ ಒಣ ಕೆಮ್ಮು.

“ಉಸಿರಣ್ಣ ಮಾಡುವ ಶೆಟ್ರು ನೀವಾ?”

“ಹೌದು, ನಾನೇ.” ಹೊಗಳಲು ಬಂದವನೆಂದು ಚಿತ್ತರಂಜನ ಆಗಲೇ ಹಲ್ಲು ಬಿಟ್ಟಿದ್ದ.

“ಕಳೆದ ವಾರ ನೀವು ಮೂರು ಕಡೆ ಉಸಿರು ತೆಗೆದಿದ್ದೀರಿ. ಕಂಕನಾಡಿಯಲ್ಲಿ ಒಂದು, ಬಂಗುಡೆ ಕೇಳಿದ ಮೇಲೆ ಒಂದು, ಕಾವೂರಿಗೆ ತಿರುಗುವ ಮೊದಲು ಒಂದು. ಅಂಟಿಸಿದ್ದು ಚಂದ ಉಂಟು. ಆದರೆ ಹೊಸ ಉಸಿರಿನ ಮೊದಲನೇ ಕಬಡ್ಡಿ ಸ್ವಲ್ಪ ದಪ್ಪ ಬರ್ತದೆ. ಅದನ್ನು ಅಡಗಿಸ್ಲಿಕ್ಕೆ ಆಗುವುದಿಲ್ಲ.”

ಗ್ರೆಗರಿ ಕಿವಿಯ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟ. ಮೂರೇ ಕಡೆ. ಜಾಗವೂ ಸರಿ.

“ನೀವು ಯಾರು?” ಎಂದ ಚಿತ್ತರಂಜನ.

“ಕಾವೂರಿನ ಮುದ್ದು. ನಿಮ್ಮ ತಂದೆಯವರು ಆರೋಗ್ಯವಾಗಿದ್ದಾರಲ್ಲ?”

ಚಿತ್ತರಂಜನನ ಮುಖದ ನಗು ಎಲ್ಲಿ ಹೋಯಿತೋ! ಇಷ್ಟು ದಿನ ಆ ಮುದ್ದು ಅವನ ಪಾಲಿಗೆ ಒಂದು ಕಥೆಯಾಗಿದ್ದ, ಕಥೆಗೆ ಬಸ್ಸು ಹತ್ತಿ ಬರಲು ಬರುವುದಿಲ್ಲ ಎಂದೇ ನಂಬಿದ್ದ. ಕುರ್ಚಿ ಎಳೆದುಕೊಟ್ಟ. ಮುದ್ದು ಪೂಜಾರಿ ಕುಳಿತುಕೊಳ್ಳಲಿಲ್ಲ.

“ಜಗಳಕ್ಕೆ ಬಂದದ್ದಲ್ಲ ಶೆಟ್ರೆ. ನನಗೆ ‘ಕಳ್ಳ ಉಸಿರು’ ಅಂತ ಒಂದು ಹೆಸರಿತ್ತು. ಹತ್ತಿಪ್ಪತ್ತು ವರ್ಷದಲ್ಲಿ ಜನ ಮರೆತಿದ್ದರು. ನಿಮ್ಮ ಉಸಿರಣ್ಣ ಕಾವೂರಿಗೆ ಓಡಿದ ಮೇಲೆ ಮತ್ತೆ ನೆನಪಾಯಿತು. ಹಂಚಿನ ಕಾರ್ಖಾನೆಯ ಕೆಲಸ ಬಿಟ್ಟ ಮೇಲೆ ಸಂಜೆ ಮಕ್ಕಳಿಗೆ ಕಬಡ್ಡಿ ಹೇಳಿಕೊಡ್ತೇನೆ. ಈಗ ನಾನು ಮೈದಾನಕ್ಕೆ ಇಳಿದರೆ ಅವರು ಪುಸ್ಸ್ ಅಂತಾರೆ. ಅದೂ ಹೋಗ್ಲಿ. ಮೊನ್ನೆ ಮೊಮ್ಮಗಳು ಕೇಳಿದಳು, ಅಜ್ಜ, ನೀವು ಉಸಿರು ಕದ್ದದ್ದು ಹೌದಾ ಅಂತ. ಇಲ್ಲ ಅಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ.”

ಚಿತ್ತರಂಜನ ಕ್ಷಮೆ ಕೇಳಲು ಬಾಯಿ ತೆರೆದ. ಮುದ್ದು ಕೈ ಅಡ್ಡ ಹಿಡಿದ.

“ಅದೆಲ್ಲ ಬೇಡ. ನಿಮ್ಮ ಮೈಕಿನ ಎದುರು ಒಂದು ಸಲ ಉಸಿರು ಹಿಡಿಲಿಕ್ಕೆ ಬಿಡಿ. ಆ ದಿನ ಗದ್ದೆಯಲ್ಲಿ ಮುಕ್ಕಾಲು ನಿಮಿಷ ನಿಂತಿದ್ದೇನೆ. ಇವತ್ತೂ ಅಷ್ಟು ನಿಲ್ತೇನೆ. ಯಂತ್ರಕ್ಕೆ ಆ ತಂಡ ಈ ತಂಡ ಅಂತ ಇಲ್ಲವಲ್ಲ, ಅದು ಕೇಳಿದ್ದನ್ನೇ ಹೇಳ್ತದೆ. ಊರು ಕೇಳ್ಲಿ.”

ಈ ಎದೆಯಿಂದ ಮುಕ್ಕಾಲು ನಿಮಿಷವೇ ಎಂದು ಚಿತ್ತರಂಜನನಿಗೆ ಒಳಗೊಳಗೇ ಭಯವಾಯಿತು. ಮೂವತ್ತು ವರ್ಷ ಹಂಚು ಸುಡುವ ಆವೆಯ ಹೊಗೆ, ಕೆಂಪು ಧೂಳು ಕುಡಿದ ಎದೆ ಅದು. ಊರೆಲ್ಲ ಕೇಳುವಾಗ ಅರ್ಧದಲ್ಲಿ ನಿಂತರೆ ಈ ಮನುಷ್ಯನಿಗೆ ಮತ್ತೆ ತಲೆ ಎತ್ತುವ ಹಾಗಿಲ್ಲ. ಆದರೆ ಬೇಡ ಎನ್ನಲು ತನಗೆ ಯಾವ ಮುಖವಿದೆ?

ಟೇಪು ತಿರುಗತೊಡಗಿತು. ಮುದ್ದು ಮೊದಲು ತನ್ನ ನೆನಪು ಹೇಳಿದ, ನಾಲ್ಕೇ ಮಾತು. ಇಂಥ ಗದ್ದೆ, ಇಂಥ ವರ್ಷ, ಮೂವರನ್ನು ಮುಟ್ಟಿದೆ, ಉಸಿರು ತಪ್ಪಿತು ಎಂದು ಸೀಟಿ ಬಿತ್ತು. “ಅಂಪಾಯರು ಯಾರು ಅಂತ ನಾನು ಹೇಳುವುದಿಲ್ಲ. ಸೀಟಿ ಆದ ಮೇಲೆ ವಾದ ಮಾಡುವುದು ಕಬಡ್ಡಿ ಅಲ್ಲ. ಆದರೆ ನಾನು ಕದ್ದಿಲ್ಲ.” ಆಮೇಲೆ ಕಣ್ಣು ಮುಚ್ಚಿದ. ನೆಲ ಮುಟ್ಟಿ ಹಣೆಗೆ ಒತ್ತಿಕೊಂಡ. ಎದೆ ತುಂಬ ಗಾಳಿ ತೆಗೆದುಕೊಂಡು ಶುರು ಮಾಡಿದ.

ಕಬಡ್ಡಿ ಕಬಡ್ಡಿ ಕಬಡ್ಡಿ.

ಚಿತ್ತರಂಜನ ಈ ಶಬ್ದವನ್ನು ಸಾವಿರ ಸಲ ಹೇಳಿ ಜನರನ್ನು ನಗಿಸಿದ್ದ. ಅದು ಹೀಗಿರುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಏರಿಲ್ಲ, ಇಳಿತವಿಲ್ಲ, ಅವಸರವಿಲ್ಲ. ಮುದ್ದುವಿನ ಮೊಣಕಾಲು ತಾನಾಗಿಯೇ ಬಗ್ಗಿತು, ಕೈಗಳು ಅಗಲವಾದವು, ಆ ನಾಲ್ಕು ಗೋಡೆಯ ಕೋಣೆಯಲ್ಲಿ ಕಾಣದ ಏಳು ಜನರ ಎದುರು ಅವನು ಎಡಕ್ಕೂ ಬಲಕ್ಕೂ ತೂಗಿದ. ಹತ್ತು ಸೆಕೆಂಡು, ಇಪ್ಪತ್ತು, ಮೂವತ್ತು. ಕುತ್ತಿಗೆಯ ನರ ಹಗ್ಗದಂತೆ ಎದ್ದು ನಿಂತಿತು. ಮುಖ ಕಪ್ಪಿಟ್ಟಿತು. ಮೂವತ್ತೈದು, ನಲವತ್ತು. ಧ್ವನಿ ತೆಳ್ಳಗಾಯಿತು, ತುಂಡಾಗಲಿಲ್ಲ. ತನಗೇ ತಿಳಿಯದೆ ಚಿತ್ತರಂಜನನೂ ಉಸಿರು ಬಿಗಿಹಿಡಿದಿದ್ದ, ಇಪ್ಪತ್ತೆಂಟಕ್ಕೇ ಬಿಟ್ಟುಬಿಟ್ಟಿದ್ದ. ಗೋಡೆಯ ಗಡಿಯಾರದ ಮುಳ್ಳು ನಲವತ್ತೈದನ್ನು ದಾಟಿತು. ಮುದ್ದು ನಿಲ್ಲಿಸಿ ಬಲಗೈ ಮೇಲೆತ್ತಿದ.

“ಆಯ್ತು ಮುದ್ದಣ್ಣ, ಆಯ್ತು! ನಲವತ್ತಾರು!” ಚಿತ್ತರಂಜನ ಮೈಕನ್ನೂ ಮರೆತು ಕೂಗಿದ. ಗ್ರೆಗರಿ ಗಾಜಿನ ಆಚೆ ಎದ್ದು ನಿಂತಿದ್ದ.

ಮುದ್ದು ತಲೆಯಾಡಿಸಿದ. ಮಾತು ಹೊರಡಲು ಸ್ವಲ್ಪ ಹೊತ್ತು ಬೇಕಾಯಿತು.

“ಇಲ್ಲ ಶೆಟ್ರೆ. ನಾಲ್ಕು ಕಬಡ್ಡಿಯ ಹಿಂದೆ ಒಂದು ಚೂರು ಗಾಳಿ ಒಳಗೆ ಹೋಯಿತು. ನಾನು ತೆಗೆದದ್ದಲ್ಲ, ಎದೆ ಎಳ್ಕೊಂಡಿತು. ಗೊತ್ತಾದ ಕೂಡಲೇ ನಿಲ್ಲಿಸಿದೆ. ನಾನು ಔಟ್.”

ಇಬ್ಬರಿಗೂ ಏನೂ ಕೇಳಿಸಿರಲಿಲ್ಲ. ಗ್ರೆಗರಿ ಟೇಪನ್ನು ಹಿಂದಕ್ಕೆ ತಿರುಗಿಸಿ ಹಾಕಿದ, ಕೇಳಿಸಲಿಲ್ಲ. ಧ್ವನಿ ಏರಿಸಿದ, ಇಲ್ಲ. ಕೊನೆಗೆ ಅರ್ಧ ವೇಗದಲ್ಲಿ ಓಡಿಸಿ, ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದ. ಕೊನೆಯಿಂದ ನಾಲ್ಕನೆಯ ಕಬಡ್ಡಿಯ ಮೊದಲು, ಎಳ್ಳಿನಷ್ಟು, ಗಾಳಿಯೋ ಟೇಪಿನದ್ದೇ ಸದ್ದೋ ಹೇಳಲಾಗದಷ್ಟು, ಏನೋ ಇತ್ತು. ಗ್ರೆಗರಿ ಶಿಲುಬೆಯ ಗುರುತು ಮಾಡಿಕೊಂಡ. “ಉಂಟು ಮಾರಾಯ,” ಎಂದ ಮೆಲ್ಲಗೆ.

ಯಂತ್ರಕ್ಕೂ ಸರಿಯಾಗಿ ಸಿಗದ ತಪ್ಪನ್ನು ಈ ಮನುಷ್ಯ ತಾನೇ ಹಿಡಿದು ಕೊಟ್ಟಿದ್ದಾನೆ. ಹೆಸರು ಉಳಿಸಿಕೊಳ್ಳಲು ಬಂದ ಜಾಗದಲ್ಲಿ, ಕೈಗೆ ಬಂದ ಹೆಸರನ್ನು ಒಂದು ಚೂರು ಗಾಳಿಗಾಗಿ ವಾಪಸು ಇಟ್ಟಿದ್ದಾನೆ. ಇಂಥವನ ಕಾಲು ಮುಟ್ಟಬೇಕು ಎನಿಸಿತು ಚಿತ್ತರಂಜನನಿಗೆ. ದೇವಸ್ಥಾನದಲ್ಲೂ ಹಾಗೆ ಅನಿಸಿದ್ದು ಕಡಿಮೆ.

“ಮುದ್ದಣ್ಣ, ಕೊನೆಯ ಮಾತು ತೆಗೆಯುವ. ಗ್ರೆಗರಿ ಚಂದ ಕತ್ತರಿಸ್ತಾನೆ. ನಲವತ್ತೈದಕ್ಕೆ ನಿಲ್ಲಿಸುವ. ಯಾರಿಗೂ ಗೊತ್ತಾಗುವುದಿಲ್ಲ.”

“ಆ ದಿನ ಕದಿಯಲಿಲ್ಲ ಅಂತ ಹೇಳ್ಲಿಕ್ಕೆ ಇವತ್ತು ಕದಿಯುವುದಾ ಶೆಟ್ರೆ?” ಮುದ್ದುವಿನ ಸ್ವರದಲ್ಲಿ ಸಿಟ್ಟಿರಲಿಲ್ಲ. “ಇದ್ದ ಹಾಗೇ ಹಾಕಿ. ಜನ ನಗುವುದಾದರೆ ನಗ್ಲಿ. ಮೊಮ್ಮಗಳಿಗೆ ನಾನು ಹೇಳ್ತೇನೆ.”

ಹೊರಗೆ ಹೋಗಿ ಚಪ್ಪಲಿ ಮೆಟ್ಟಿ, ಕೆಮ್ಮುತ್ತಾ ಗುಡ್ಡ ಇಳಿದು ಹೋದ. ಚಿತ್ತರಂಜನ ತನ್ನ ಐದು ನಿಮಿಷವನ್ನೂ ಅವನಿಗೇ ಬಿಟ್ಟುಕೊಟ್ಟ. ಬ್ಲೇಡು ಆ ಟೇಪನ್ನು ಮುಟ್ಟಲಿಲ್ಲ.

ಶನಿವಾರ ದೇರೆಬೈಲಿನ ಮನೆಯ ಚಾವಡಿಯಲ್ಲಿ ಗುಣಪಾಲ ಶೆಟ್ಟರು ಎಂದಿನಂತೆ ರೇಡಿಯೋದ ಪಕ್ಕ ಒರಗುಕುರ್ಚಿಯಲ್ಲಿ ಕುಳಿತಿದ್ದರು. ಎಪ್ಪತ್ತು ದಾಟಿದರೂ ಅವರ ನಗು ಗೇಟಿನವರೆಗೆ ಕೇಳಿಸುತ್ತಿತ್ತು. ಮಗ ಅವರಿಗೆ ಏನೂ ಹೇಳಿರಲಿಲ್ಲ, ಧೈರ್ಯ ಸಾಲದೆ ಕಂಬಕ್ಕೆ ಒರಗಿ ನಿಂತಿದ್ದ. “ಇವತ್ತು ಉಸಿರಣ್ಣನನ್ನು ಎಲ್ಲಿಗೆ ಓಡಿಸ್ತೀ ಮಗಾ?” ಎಂದು ಶೆಟ್ಟರು ಕೇಳುತ್ತಿರುವಾಗಲೇ ರೇಡಿಯೋದಲ್ಲಿ ಮುದ್ದುವಿನ ಧ್ವನಿ ಬಂತು.

ಗದ್ದೆಯ ಹೆಸರು ಕೇಳಿದೊಡನೆ ಶೆಟ್ಟರು ಎದ್ದು ಕುಳಿತರು. ಅಂಪಾಯರ ಹೆಸರು ಹೇಳುವುದಿಲ್ಲ ಎಂದಾಗ ಅವರ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿಯಿತು. ಕಬಡ್ಡಿ ಶುರುವಾಯಿತು. ಒಳಗಿದ್ದ ತಾಯಿ ರತ್ನಾವತಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಮುಕ್ಕಾಲು ನಿಮಿಷ ಆ ಚಾವಡಿಯಲ್ಲಿ ಯಾರೂ ಅಲುಗಾಡಲಿಲ್ಲ. ಆಮೇಲೆ ಆ ಮಾತು ಬಂತು, ಒಂದು ಚೂರು ಗಾಳಿ, ನಾನು ಔಟ್.

ಶೆಟ್ಟರು ರೇಡಿಯೋ ಆರಿಸಿದರು. ಬೈಗುಳಕ್ಕೆ ಚಿತ್ತರಂಜನ ತಯಾರಾಗಿದ್ದ, ಬೈಗುಳ ಬರಲಿಲ್ಲ.

“ಆ ದಿನ ನನಗೆ ಏನೂ ಕೇಳಿಸಿರಲಿಲ್ಲ ಮಗಾ,” ಎಂದರು. ಅವರ ಧ್ವನಿ ಬೇರೆಯೇ ಆಗಿತ್ತು. “ಅವ ಮೂರು ಜನರನ್ನು ಮುಟ್ಟಿ ತಿರುಗಿದ. ನಮ್ಮವರು ಸೋತರು ಅಂತ ಗೊತ್ತಾಯ್ತು. ಸೀಟಿ ಬಾಯಲ್ಲೇ ಇತ್ತು.”

ರತ್ನಾವತಿ ಬಾಗಿಲ ದಾರಂದವನ್ನು ಹಿಡಿದುಕೊಂಡರು. ಮೂವತ್ತು ಸಲವಾದರೂ ಆ ಕಥೆ ಕೇಳಿ ನಕ್ಕವರು ಅವರು.

“ಊದಿದ ಮೇಲೆ ಏನಾದರೂ ಹೇಳ್ಬೇಕಲ್ಲ, ಉಸಿರು ಕದ್ದ ಅಂದೆ. ಹೇಳಿ ಹೇಳಿ ನನಗೇ ಕೇಳಿಸಿತು ಅಂತ ಆಯ್ತು. ಇವತ್ತು ನೋಡು, ಯಾರಿಗೂ ಕೇಳಿಸದ್ದನ್ನು ಅವ ಹೇಳಿದ.” ಶೆಟ್ಟರು ಎದ್ದು, ಶಾಲು ಸರಿಮಾಡಿಕೊಂಡು ಮಗನ ಎದುರು ನಿಂತರು. “ಬರುವ ಶನಿವಾರ ಆ ನೆನಪು ಹೇಳುವ ಜಾಗ ಖಾಲಿ ಉಂಟಾ?”

ಚಿತ್ತರಂಜನ ಕಂಬ ಬಿಟ್ಟು ನೆಟ್ಟಗೆ ನಿಂತ. ಹಠಮಾರಿ ಎಂದು ಹೆಸರಾದ, ಗದ್ದೆ ಹೋದರೂ ತಲೆ ತಗ್ಗಿಸದ ಈ ಮುದುಕ ತಾನಾಗಿಯೇ ಮೈಕಿನ ಎದುರು ಹೋಗುತ್ತೇನೆ ಎನ್ನುತ್ತಿದ್ದಾನೆ. ಅಪ್ಪ ಇಷ್ಟು ಎತ್ತರ ಇದ್ದಾರೆಂದು ಅವನಿಗೆ ಈವರೆಗೆ ಗೊತ್ತಿರಲಿಲ್ಲ.

“ಜನ ನಗ್ತಾರೆ ಅಪ್ಪ. ಈ ಊರಿನ ಬಾಯಿ ನಿಮಗೆ ಗೊತ್ತುಂಟಲ್ಲ.”

“ನಗ್ಲಿ. ಇಪ್ಪತ್ತೈದು ವರ್ಷ ಆ ನಗುವನ್ನು ಅವ ಒಬ್ಬನೇ ಕೇಳಿದ್ದಾನೆ.”

ಚಿತ್ತರಂಜನ ಜಾಗ ಉಂಟು ಎಂದ.